ಜಿಂಕೆ ಬೇಟೆಗೆ ಹಗುರ ಗುಂಡು: ತೂಕವೊಂದೇ ಲೆಕ್ಕವಲ್ಲ

ನಮ್ಮ ಸಂಘದ ಅನೇಕ ಸದಸ್ಯರ ಮಕ್ಕಳು ಇಂದು ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ನೆಲೆಸಿದ್ದಾರೆ. ಆ ದೇಶಗಳಲ್ಲಿ ನಿಯಮಕ್ಕೆ ಒಳಪಟ್ಟು ಜಿಂಕೆ ಬೇಟೆಗೆ ಅವಕಾಶವಿದೆ. ರಜೆಗೆ ಊರಿಗೆ ಬಂದವರು ಹಿರಿಯರೊಡನೆ ಮಾತಿಗೆ ಕುಳಿತಾಗ, "ಜಿಂಕೆಗೆ ಎಷ್ಟು ತೂಕದ ಗುಂಡು ಬೇಕು, ಹಗುರದ್ದು ಸಾಕೇ?" ಎಂಬ ಪ್ರಶ್ನೆ ಏಳುವುದುಂಟು. ಗುಂಡು ಭಾರವಿದ್ದಷ್ಟೂ ಒಳ್ಳೆಯದೆಂದು ಕೆಲವರು, ವೇಗವೊಂದಿದ್ದರೆ ತೂಕದ ಮಾತೇಕೆ ಎಂದು ಇನ್ನು ಕೆಲವರು ವಾದಿಸುತ್ತಾರೆ. ಎರಡೂ ಅರ್ಧ ಸತ್ಯ. ಈ ವಿಷಯವನ್ನು ಕ್ರಮವಾಗಿ ವಿವೇಚಿಸುವುದು ಈ ಲೇಖನದ ಉದ್ದೇಶ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ನಮ್ಮ ದೇಶದಲ್ಲಿ ಜಿಂಕೆ, ಕಡವೆ, ಕಾಡುಕುರಿಗಳ ಬೇಟೆ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಪರವಾನಗಿ ಬೇಟೆಗೆ ಉಳಿದಿದ್ದ ಅಲ್ಪ ಅವಕಾಶವನ್ನು 1991ರ ತಿದ್ದುಪಡಿ ತೆಗೆದುಹಾಕಿತು. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಬೇಟೆಗೆ ಅವಕಾಶವಿರುವ ನಾಡುಗಳಿಗೆ ಸಂಬಂಧಿಸಿದ್ದು.

ತೂಕ ಮತ್ತು ವೇಗ

ರೈಫಲ್ ಗುಂಡಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುವ ರೂಢಿ. ಚಿನ್ನ ತೂಗುವ ಹಳೆಯ ತೊಲ ನಮ್ಮ ಓದುಗರಿಗೆ ಗೊತ್ತು. ಒಂದು ತೊಲಕ್ಕೆ 180 ಗ್ರೇನ್. ಹಾಗಾಗಿ 100 ಗ್ರೇನಿನ ಗುಂಡು ಅರ್ಧ ತೊಲಕ್ಕಿಂತ ತುಸು ಹೆಚ್ಚು, ಸುಮಾರು ಆರೂವರೆ ಗ್ರಾಂ. ಜಿಂಕೆಯ ಮಟ್ಟಿಗೆ 80ರಿಂದ 100 ಗ್ರೇನಿನ ಗುಂಡುಗಳನ್ನು ಹಗುರವೆಂದು ಎಣಿಸುತ್ತಾರೆ.

ಅಮೆರಿಕದ ಬಿಳಿಬಾಲದ ಜಿಂಕೆಗೆ ತಲೆಮಾರುಗಳಿಂದ ಬಳಕೆಯಲ್ಲಿರುವುದು 1895ರಲ್ಲಿ ಬಂದ ಥರ್ಟಿ-ಥರ್ಟಿ ತೋಟಾ. ಅದರ 170 ಗ್ರೇನಿನ ಗುಂಡು ನಳಿಗೆಯಿಂದ ಹೊರಡುವಾಗ ಸೆಕೆಂಡಿಗೆ ಸುಮಾರು 2,200 ಅಡಿ ವೇಗದಲ್ಲಿರುತ್ತದೆ. 1955ರಲ್ಲಿ ಬಂದ ಪಾಯಿಂಟ್ 243 ವಿಂಚೆಸ್ಟರ್ ತೋಟಾದ 100 ಗ್ರೇನಿನ ಗುಂಡಿನ ವೇಗ ಸುಮಾರು 2,960 ಅಡಿ. ಶಕ್ತಿಯ ಲೆಕ್ಕದಲ್ಲಿ ತೂಕ ಒಂದು ಸಲ ಬಂದರೆ ವೇಗ ಎರಡು ಸಲ ಗುಣಿಸಲ್ಪಡುತ್ತದೆ. ಅದರಂತೆ ಮೊದಲನೆಯದರ ಶಕ್ತಿ ಸುಮಾರು 2,480 ಜೂಲ್, ಎರಡನೆಯದರದ್ದು ಸುಮಾರು 2,640 ಜೂಲ್. ತೂಕದಲ್ಲಿ ಆರಾಣೆಗೂ ಹೆಚ್ಚು ಕಡಿಮೆಯಿದ್ದರೂ ಹಗುರ ಗುಂಡು ಹೊರಡುವ ಘಳಿಗೆಯಲ್ಲಿ ಹಿಂದೆ ಬಿದ್ದಿಲ್ಲ.

ಹಗುರ ಗುಂಡಿಗೆ ಇನ್ನೊಂದು ಗುಣವಿದೆ. ಕೋವಿ ಕಡಿಮೆ ಒದೆಯುತ್ತದೆ. ಒದೆತಕ್ಕೆ ಅಂಜಿ ಕುದುರೆ ಎಳೆಯುವಾಗಲೇ ಕಣ್ಣು ಮುಚ್ಚುವವನ ಕೈಯಲ್ಲಿ ಎಂಥ ಭಾರದ ಗುಂಡಿದ್ದರೂ ಪ್ರಯೋಜನವಿಲ್ಲ. ಹೊಸಬರಿಗೂ ಮೈಕಟ್ಟು ಸಣ್ಣದಿರುವವರಿಗೂ ಅಲ್ಲಿನ ಅನುಭವಿಗಳು ಪಾಯಿಂಟ್ 243ನ್ನು ಸೂಚಿಸಲು ಇದೇ ಮುಖ್ಯ ಕಾರಣ.

ಗುಂಡಿನ ಕಟ್ಟಡ

ಆದರೆ ಹೊರಡುವ ಶಕ್ತಿ ಬೇರೆ, ಪ್ರಾಣಿಯ ಮೈಯಲ್ಲಿ ಅದು ಮಾಡುವ ಕೆಲಸ ಬೇರೆ. ಒಂದೇ ತೋಟಾದಲ್ಲಿ 55, 60, 70 ಗ್ರೇನಿನ ಗುಂಡುಗಳೂ ದೊರೆಯುತ್ತವೆ. ಅವುಗಳಲ್ಲಿ ಹೆಚ್ಚಿನವು ಬೆಳೆ ಹಾಳುಮಾಡುವ ಸಣ್ಣ ಪ್ರಾಣಿಗಳಿಗಾಗಿ ಮಾಡಿದಂಥವು. ಹೊರಕವಚ ತೆಳು, ತಾಗಿದ ಕೂಡಲೇ ಚೂರುಚೂರಾಗುತ್ತವೆ. ಸಣ್ಣ ಪ್ರಾಣಿಗೆ ಇದು ಸರಿ. ಜಿಂಕೆಯ ಹೆಗಲ ಮೂಳೆಗೆ ಇಂಥ ಗುಂಡು ಬಿದ್ದರೆ ಮೇಲ್ಮೈಯಲ್ಲಿಯೇ ಒಡೆದು ದೊಡ್ಡ ಗಾಯ ಮಾಡುತ್ತದೆ, ಒಳಗಿನ ಶ್ವಾಸಕೋಶವನ್ನು ಮುಟ್ಟುವುದಿಲ್ಲ. ಪ್ರಾಣಿ ಓಡುತ್ತದೆ; ಕಣ್ಣಿಗೆ ಬೀಳದ ಯಾವುದೋ ಪೊದೆಯಲ್ಲಿ ದಿನಗಟ್ಟಲೆ ನರಳಿ ಸಾಯುತ್ತದೆ. ಗುಂಡಿನ ಆಯ್ಕೆಯಲ್ಲಿ ಪಣಕ್ಕೆ ಬೀಳುವುದು ಬೇಟೆಗಾರನ ಪ್ರತಿಷ್ಠೆಯಲ್ಲ, ಈ ನರಳಾಟ.

ಜಿಂಕೆಗೆಂದು ಮಾಡಿದ ಗುಂಡು ಎರಡು ಕೆಲಸ ಮಾಡಬೇಕು: ತುದಿ ಅಣಬೆಯಂತೆ ಅರಳಬೇಕು, ಬುಡ ಗಟ್ಟಿಯಾಗಿ ಉಳಿದು ಒಳಕ್ಕೆ ಸಾಗಬೇಕು. ಈ ಸಮಸ್ಯೆಯನ್ನು ಬಿಡಿಸಿದವರಲ್ಲಿ ಅಮೆರಿಕದ ಜಾನ್ ನಾಸ್ಲರ್ ಪ್ರಮುಖರು. 1946ರಲ್ಲಿ ಕೆನಡಾದಲ್ಲಿ ಮೂಸ್ ಬೇಟೆಗೆ ಹೋದಾಗ ಅವರ ಗುಂಡುಗಳು ಒಳಹೊಕ್ಕದೆ ಒಡೆದುಹೋದವು. ಅದರಿಂದ ಪಾಠ ಕಲಿತು ಗುಂಡಿನ ನಡುವೆ ಲೋಹದ ಅಡ್ಡಗೋಡೆಯಿಟ್ಟು, ಮುಂಭಾಗ ಅರಳಿದರೂ ಹಿಂಭಾಗ ಒಡೆಯದ ಗುಂಡನ್ನು ಅವರು ರೂಪಿಸಿದರು. ಗುಂಡು ಹಗುರವಾದಷ್ಟೂ ಅದರ ಕಟ್ಟಡ ಗಟ್ಟಿಯಿರಬೇಕು ಎಂಬುದನ್ನು ನೆನಪಿಡತಕ್ಕದ್ದು. ಭಾರದ ಗುಂಡು ತುಸು ಸವೆದರೂ ಮಿಕ್ಕಿದ್ದು ಕೆಲಸ ಮಾಡೀತು. ಹಗುರ ಗುಂಡಿನಲ್ಲಿ ಕಳೆದುಕೊಳ್ಳಲು ಹೆಚ್ಚೇನೂ ಇರುವುದಿಲ್ಲ.

ನಳಿಗೆಯ ಸುತ್ತು

ಮೂರನೆಯ ಅಂಶ ನಳಿಗೆಯೊಳಗಿನ ಸುರುಳಿ ಗೆರೆ. ಬುಗುರಿ ತಿರುಗುತ್ತಿದ್ದರೆ ಮಾತ್ರ ನಿಲ್ಲುವಂತೆ, ಗುಂಡು ತಿರುಗುತ್ತಿದ್ದರೆ ಮಾತ್ರ ನೇರ ಹೋಗುತ್ತದೆ. ಗುಂಡು ಉದ್ದವಾದಷ್ಟೂ ಬಿಗಿಯಾದ ಸುತ್ತು ಬೇಕು. ಇದಕ್ಕೊಂದು ಪ್ರಸಿದ್ಧ ಉದಾಹರಣೆಯಿದೆ. 1955ರಲ್ಲಿಯೇ ರೆಮಿಂಗ್ಟನ್ ಕಂಪನಿಯೂ ಪಾಯಿಂಟ್ 244 ಎಂಬ ತೋಟಾವನ್ನು ಹೊರತಂದಿತು. ಅದು ವಿಂಚೆಸ್ಟರಿಗಿಂತ ಯಾವ ರೀತಿಯಲ್ಲಿಯೂ ಕಡಿಮೆಯಾಗಿರಲಿಲ್ಲ. ಆದರೆ ಅದರ ನಳಿಗೆ 12 ಇಂಚಿಗೆ ಒಂದು ಸುತ್ತು. ಹಗುರ ಗುಂಡುಗಳಿಗೆ ಹೊಂದುವಂಥದ್ದು, ತೋಟಾಗಳೂ 90 ಗ್ರೇನಿನವರೆಗೆ ಮಾತ್ರ. ವಿಂಚೆಸ್ಟರಿನದು 10 ಇಂಚಿಗೆ ಒಂದು ಸುತ್ತು, 100 ಗ್ರೇನಿನ ಗುಂಡನ್ನೂ ಸಲೀಸಾಗಿ ಹಾರಿಸುತ್ತಿತ್ತು. ಒಂದೇ ಕೋವಿಯಲ್ಲಿ ಸಣ್ಣ ಪ್ರಾಣಿ, ಜಿಂಕೆ ಎರಡೂ ಸಾಗಲೆಂದು ಬಯಸಿದ ಜನ ವಿಂಚೆಸ್ಟರನ್ನೇ ಕೊಂಡರು. 1963ರಲ್ಲಿ ರೆಮಿಂಗ್ಟನ್ ಅದೇ ತೋಟಾಕ್ಕೆ 6 ಮಿಲಿಮೀಟರ್ ರೆಮಿಂಗ್ಟನ್ ಎಂದು ಹೊಸ ಹೆಸರಿಟ್ಟು ನಳಿಗೆಯನ್ನು 9 ಇಂಚಿನ ಸುತ್ತಿಗೆ ಬದಲಿಸಿತು. ಆ ವೇಳೆಗೆ ಮಾರುಕಟ್ಟೆ ಕೈಬಿಟ್ಟಿತ್ತು. ತೋಟಾ ಕೊಳ್ಳುವ ಮೊದಲು ನಳಿಗೆಯ ಸುತ್ತನ್ನು ತಿಳಿಯಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಾನೂನು ಹೇಳುವುದೇನು?

ಬ್ರಿಟನ್ನಿನಲ್ಲಿ ಗುಂಡಿನ ಆಯ್ಕೆ ಕಾನೂನಿನ ವಿಷಯವೂ ಹೌದು. ಸ್ಕಾಟ್ಲೆಂಡಿನ 1985ರ ಆಜ್ಞೆಯಂತೆ ಸಣ್ಣಗಾತ್ರದ ರೋ ಜಿಂಕೆಗೆ ಕನಿಷ್ಠ 50 ಗ್ರೇನ್, ಉಳಿದ ಜಿಂಕೆಗಳಿಗೆ ಕನಿಷ್ಠ 100 ಗ್ರೇನಿನ ಗುಂಡು ಬೇಕಿತ್ತು. ಜೊತೆಗೆ ವೇಗಕ್ಕೂ ಶಕ್ತಿಗೂ ಕನಿಷ್ಠ ಮಿತಿಯಿತ್ತು. 2023ರಲ್ಲಿ ಆ 100 ಗ್ರೇನಿನ ಮಿತಿಯನ್ನು 80ಕ್ಕೆ ಇಳಿಸಲಾಯಿತು. ಇಂಗ್ಲೆಂಡಿನಲ್ಲಿ ದೊಡ್ಡ ಜಿಂಕೆಗಳಿಗೆ ತೂಕದ ಮಿತಿ ಇಲ್ಲ. ನಳಿಗೆಯ ಅಳತೆ ಮತ್ತು ಶಕ್ತಿಯ ಮಿತಿ ಮಾತ್ರ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ.

ಸ್ಕಾಟ್ಲೆಂಡಿನವರು ಮಿತಿ ಇಳಿಸಿದ್ದೇಕೆ? ಉತ್ತರ ಲೋಹದಲ್ಲಿದೆ. ಸೀಸದ ಗುಂಡು ಒಡೆದಾಗ ಸೂಕ್ಷ್ಮ ಚೂರುಗಳು ಮಾಂಸದಲ್ಲಿ ಉಳಿಯುತ್ತವೆ. ತಿನ್ನುವ ಮನುಷ್ಯರಿಗೂ, ಬಿಟ್ಟುಹೋದ ಕರುಳು ತಿನ್ನುವ ಹದ್ದುಗಳಿಗೂ ಅದು ವಿಷ. ಕ್ಯಾಲಿಫೋರ್ನಿಯ ರಾಜ್ಯ 2019ರಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿಯಾಗಿ ನಿಷೇಧಿಸಿದೆ. ಸೀಸಕ್ಕೆ ಬದಲು ಬಂದದ್ದು ಇಡೀ ತಾಮ್ರದ ಗುಂಡು. ತಾಮ್ರ ಸೀಸಕ್ಕಿಂತ ಹಗುರ. ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಉದ್ದವಾದರೆ ಹಳೆಯ ನಳಿಗೆಯ ಸುತ್ತು ಸಾಲುವುದಿಲ್ಲ. ಆದ್ದರಿಂದ ತಾಮ್ರದಲ್ಲಿ 80 ಗ್ರೇನನ್ನೇ ಆರಿಸುವುದು ಅನುಕೂಲ. ತಾಮ್ರ ಒಡೆಯದೆ ಅರಳುವುದರಿಂದ ತೂಕ ಕಡಿಮೆಯಾದರೂ ಒಳಹೊಕ್ಕುವ ಗುಣ ಉಳಿಯುತ್ತದೆ. ಕಟ್ಟಡ, ಸುತ್ತು, ತೂಕ ಮೂರೂ ಒಂದಕ್ಕೊಂದು ಹೆಣೆದುಕೊಂಡಿರುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಆಯ್ಕೆಯ ಕ್ರಮ

ಹೊರನಾಡಿನಲ್ಲಿರುವ ನಮ್ಮ ಯುವಕರು ಹೀಗೆ ಮುಂದುವರಿಯಬಹುದು. ಮೊದಲು ಆಯಾ ಪ್ರದೇಶದ ನಿಯಮ ಓದುವುದು. ಎರಡನೆಯದಾಗಿ, ತೋಟಾದ ಪೆಟ್ಟಿಗೆಯ ಮೇಲೆ ಜಿಂಕೆಗೆಂದು ತಯಾರಾದದ್ದೇ ಎಂದು ನೋಡುವುದು. ಪಾಯಿಂಟ್ 243ರಲ್ಲಿ ಸೀಸದ್ದಾದರೆ 90ರಿಂದ 100 ಗ್ರೇನ್, ತಾಮ್ರದ್ದಾದರೆ 80 ಗ್ರೇನಿನ ಸುತ್ತಮುತ್ತ ಸಾಮಾನ್ಯ ಆಯ್ಕೆ. ಮೂರನೆಯದಾಗಿ, ಎರಡು ಮೂರು ಬಗೆಯ ತೋಟಾಗಳನ್ನು ಗುರಿಹಲಗೆಗೆ ಹಾರಿಸಿ ತನ್ನ ಕೋವಿಗೆ ಯಾವುದು ಒಗ್ಗುತ್ತದೆಂದು ಪರೀಕ್ಷಿಸುವುದು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಪ್ರಾಣಿ ಅಡ್ಡಲಾಗಿ ನಿಂತು ಮುಂಗಾಲಿನ ಹಿಂಬದಿ ಸ್ಪಷ್ಟವಾಗಿ ಕಂಡಾಗ ಮಾತ್ರ ಈಡು, ಓಡುವ, ಬೆನ್ನು ತೋರಿಸಿದ, ಬಹಳ ದೂರದ ಪ್ರಾಣಿಯನ್ನು ಬಿಟ್ಟುಬಿಡುವುದು. ಹಗುರ ಗುಂಡು ಗಾಳಿಗೆ ಬೇಗ ವಾಲುತ್ತದೆ, ದೂರಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ. ಹಾಗೆಂದು ಅದು ಅಪಾಯವಿಲ್ಲದ್ದೆಂದು ಯಾರೂ ತಿಳಿಯಬಾರದು. ತಪ್ಪಿದ ಗುಂಡು ಎರಡು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಹಿಂದೆ ಮಣ್ಣಿನ ದರೆ ಇಲ್ಲದ ಕಡೆ ಗುಂಡು ಹಾರಿಸಲೇಬಾರದು.

ನಮ್ಮ ತೋಟಗಳ ಮಾತು

ಟೆಕ್ಸಾಸಿನಲ್ಲಿಯೂ ಹವಾಯಿ ದ್ವೀಪಗಳಲ್ಲಿಯೂ ಬೇಟೆಯಾಡುವ ಆಕ್ಸಿಸ್ ಜಿಂಕೆ ಬೇರೆ ಯಾವುದೂ ಅಲ್ಲ, ನಮ್ಮದೇ ಚುಕ್ಕಿ ಜಿಂಕೆ. ಹವಾಯಿಗೆ 1860ರ ದಶಕದಲ್ಲಿ, ಟೆಕ್ಸಾಸಿಗೆ 1930ರ ದಶಕದಲ್ಲಿ ಅದನ್ನು ಒಯ್ದರು. ಹುಲಿ, ಚಿರತೆ, ಕೆನ್ನಾಯಿಗಳಿಲ್ಲದ ಆ ನೆಲದಲ್ಲಿ ಅದು ಮಿತಿಮೀರಿ ಬೆಳೆದಿದೆ. ಬಂದೂಕೇ ಅಲ್ಲಿ ಹುಲಿಯ ಕೆಲಸ ಮಾಡಬೇಕಾಗಿದೆ. ನಮ್ಮ ಕಾಡಿನಲ್ಲಿ ಅದೇ ಜಿಂಕೆ ಹುಲಿಯ ಆಹಾರ. ಅದು ಕಡಿಮೆಯಾದರೆ ಹುಲಿ, ಚಿರತೆಗಳು ನಮ್ಮ ಕೊಟ್ಟಿಗೆಯತ್ತ ನೋಡುತ್ತವೆ.

ಎಳೆ ಅಡಿಕೆ ಸಸಿಯ ಸುಳಿ ತಿಂದು ಹೋದ ಜಿಂಕೆಯ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಬೆಳೆ ರಕ್ಷಣೆಗೆಂದು ಪಡೆದ ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ, 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿದ ವಿನಾಯಿತಿಯೂ ಕೋವಿ ಇಟ್ಟುಕೊಳ್ಳುವುದಕ್ಕೇ ಹೊರತು ಬೇಟೆಗಲ್ಲ. ವನ್ಯಜೀವಿ ಕಾಯಿದೆಯಡಿ ಶಿಕ್ಷೆಯಾದರೆ ಕೃತ್ಯಕ್ಕೆ ಬಳಸಿದ ಕೋವಿಯ ಪರವಾನಗಿಯನ್ನು ನ್ಯಾಯಾಲಯ ರದ್ದುಪಡಿಸಬಹುದು. ಮುಂದಿನ ಐದು ವರ್ಷ ಹೊಸ ಪರವಾನಗಿಯೂ ಸಿಗದಂತೆ ಆದೇಶಿಸಬಹುದು. ಕುಯಿಲಿನ ಕಾಲದಲ್ಲಿ ಕಾಫಿ ಗಿಡಗಳ ನಡುವೆ ಆಳುಗಳಿರುತ್ತಾರೆಂಬುದನ್ನೂ ಮರೆಯಲಾಗದು.

ಸಸಿಗೆ ಬಲೆ, ತೋಟಕ್ಕೆ ಬೇಲಿ, ನಷ್ಟವಾದರೆ ವಲಯ ಅರಣ್ಯ ಕಚೇರಿಗೆ ಫೋಟೋ ಸಮೇತ ಅರ್ಜಿ: ನಮಗಿರುವ ದಾರಿ ಇವು. ಅರ್ಜಿ ಬರೆಯಲು ನೆರವು ಬೇಕಾದ ಸದಸ್ಯರು ಕೆಲಸದ ವೇಳೆಯಲ್ಲಿ ಸಂಘದ ಕಚೇರಿಗೆ ಬರಬಹುದು. ಗುಂಡಿನ ತೂಕದ ಲೆಕ್ಕ ಹೊರನಾಡಿನ ಮಕ್ಕಳಿಗಿರಲಿ. ಬೇಲಿಯ ಲೆಕ್ಕವನ್ನು ನಾವಿಲ್ಲಿ ಒಟ್ಟಾಗಿ ಮಾಡೋಣ.