‘ಏನೂ ತೊಂದ್ರೆ ಆಗಿಲ್ಲ ಸಾರ್’

ಹೆರಿಗೆ ವಾರ್ಡಿನಲ್ಲಿ ‘ಇಲ್ಲಿ ಚೆನ್ನಾಗಿ ನೋಡ್ಕೊಂಡ್ರೇನಮ್ಮ?’ ಎಂದು ಕೇಳಿ ನೋಡಿ. ಚಿತ್ರದುರ್ಗ ಜಿಲ್ಲೆಯ ಹಿರಿಯೂರಾಗಲಿ ಹೊಳಲ್ಕೆರೆಯಾಗಲಿ, ‘ಏನೂ ತೊಂದ್ರೆ ಆಗಿಲ್ಲ ಸಾರ್’ ಎಂಬ ಉತ್ತರವೇ ಹೆಚ್ಚು. ಅದೂ ಎಷ್ಟೋ ಸಲ ಬಾಣಂತಿಯ ಬಾಯಿಂದಲ್ಲ, ಪಕ್ಕದಲ್ಲಿ ಕೂತ ಅಮ್ಮನ ಇಲ್ಲವೇ ಅತ್ತೆಯ ಬಾಯಿಂದ. ಫಾರಂನಲ್ಲಿ ‘ತೃಪ್ತಿಕರ’ ಎಂಬುದಕ್ಕೆ ಟಿಕ್ ಬೀಳುತ್ತದೆ.

ಈ ಟಿಕ್‌ಗೆ ಬೆಲೆಯೂ ಇದೆ. 2017ರ ಕೊನೆಯಲ್ಲಿ ಕೇಂದ್ರ ಸರ್ಕಾರ ತಂದ ‘ಲಕ್ಷ್ಯ’ ಯೋಜನೆಯಲ್ಲಿ ಆಸ್ಪತ್ರೆಗೆ ಪ್ರೋತ್ಸಾಹಧನ ಸಿಗಬೇಕಾದರೆ ಶೇ 80ರಷ್ಟು ಫಲಾನುಭವಿಗಳು ತೃಪ್ತರಾಗಿರಬೇಕು. ಉದ್ದೇಶ ಒಳ್ಳೆಯದೇ. ಆದರೆ ಮಡಿಲಲ್ಲಿ ಮಗು, ಇನ್ನೂ ಕೈಗೆ ಬಾರದ ಜನನಿ ಸುರಕ್ಷಾ ಯೋಜನೆಯ ಹಣ, ಎದುರಿಗೆ ಅದೇ ಸಿಸ್ಟರು. ಇಷ್ಟು ಇಟ್ಟುಕೊಂಡು ಯಾವ ಹೆಣ್ಣುಮಗಳು ದೂರು ಹೇಳುತ್ತಾಳೆ?

ತೃಪ್ತಿ ಅನ್ನುವುದು ನಿರೀಕ್ಷೆ ಇದ್ದಷ್ಟೇ. ಈ ಜಿಲ್ಲೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಸೂತಕವೆಂದು ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇಡುವ ಪದ್ಧತಿ ಕಡಿಮೆಯಾಗಿದೆಯೇ ಹೊರತು ಅಳಿದಿಲ್ಲ. 2023ರ ಜುಲೈನಲ್ಲಿ, ಪಕ್ಕದ ತುಮಕೂರು ಜಿಲ್ಲೆಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಹೀಗೆ ಮಳೆ ಚಳಿಯಲ್ಲಿದ್ದ ಹಸುಗೂಸು ತೀರಿಕೊಂಡಿತು. ಅಂಥ ಗುಡಿಸಲು ಕಾದಿರುವವಳಿಗೆ ತಾಲ್ಲೂಕು ಆಸ್ಪತ್ರೆಯ ಮಂಚ, ಫ್ಯಾನು, ಬಿಸಿ ಊಟವೇ ದೊಡ್ಡದು. ಅವಳು ‘ಚೆನ್ನಾಗಿತ್ತು’ ಎಂದರೆ ಸುಳ್ಳಲ್ಲ. ಆ ಮಾತಿನಿಂದ ಆಸ್ಪತ್ರೆಯ ಬಗ್ಗೆ ತಿಳಿಯುವುದು ಮಾತ್ರ ಕಡಿಮೆ.

ಹಾಗೆಂದು ಹೆರಿಗೆಗಳು ಆಸ್ಪತ್ರೆ ಸೇರಿದ್ದು ಸಣ್ಣ ಸಾಧನೆಯಲ್ಲ. 2005–06ರಲ್ಲಿ ರಾಜ್ಯದ 100 ಹೆರಿಗೆಗಳಲ್ಲಿ ಸುಮಾರು 65 ಆಸ್ಪತ್ರೆಯಲ್ಲಾಗುತ್ತಿದ್ದವು. 2019–21ರ ಸಮೀಕ್ಷೆಯಲ್ಲಿ ಅದು 97. 108 ಆಂಬುಲೆನ್ಸ್ ಬಂತು, ತಾಯಿ ಕಾರ್ಡ್ ಬಂತು, ಮನೆಗೆ ಬಿಡಲು ‘ನಗು-ಮಗು’ ಗಾಡಿ ಬಂತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ, ರಕ್ತ, ಸಿಜೇರಿಯನ್ ಎಲ್ಲ ಉಚಿತ. ನಾರ್ಮಲ್ ಆದವರಿಗೆ 3 ದಿನ, ಸಿಜೇರಿಯನ್ ಆದವರಿಗೆ 7 ದಿನ ಊಟ. ಕಾಗದದಲ್ಲಿ ಇಲ್ಲದ ಒಂದೇ ಖರ್ಚು ‘ಖುಷಿಗೆ’ ಕೊಡುವುದು. ಗಂಡಾದರೆ ಒಂದು ರೇಟು, ಹೆಣ್ಣಾದರೆ ಇನ್ನೊಂದು ಎಂದು ನಮ್ಮೂರ ಕಡೆ ಮಾತಾಡಿಕೊಳ್ಳುವುದನ್ನು ಕೇಳಿರದವರು ಯಾರು?

ಇನ್ನೊಂದು, ‘ದುರ್ಗಕ್ಕೆ ಬರೆದುಕೊಟ್ರು’ ಎಂಬ ಮಾತು. ರಾತ್ರಿ ಅರಿವಳಿಕೆ ವೈದ್ಯರಿಲ್ಲದಿದ್ದರೆ, ರಕ್ತ ಬೇಕಾದರೆ, ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ., ನೋವಿನಲ್ಲೇ. ಅಲ್ಲಿಂದಲೂ ಮುಂದಕ್ಕೆ ದಾವಣಗೆರೆಗೆ ಹೋದವರುಂಟು. ಯಾಕೆ ಕಳಿಸುತ್ತಿದ್ದೇವೆ ಎಂದು ಎರಡು ಮಾತು ಬಿಡಿಸಿ ಹೇಳಿದರೆ ಆ ದಾರಿಯ ಅರ್ಧ ಭಯ ಕಳೆಯುತ್ತದೆ. ಅದಕ್ಕೆ ಯಾವ ಯಂತ್ರವೂ ಬೇಡ.

ಹೆರಿಗೆ ಕೋಣೆಯ ಬೈಗುಳದ ವಿಷಯ ಇನ್ನೂ ಇರುಸುಮುರುಸಿನದು. ‘ಗಂಡನ ಹತ್ರ ಮಲಗುವಾಗ ಗೊತ್ತಾಗ್ಲಿಲ್ವಾ?’ ಎಂಬ ಮಾತನ್ನು ಹೆಂಗಸರು ಒಬ್ಬರಿಗೊಬ್ಬರು ನಗುತ್ತಲೇ ಹೇಳಿಕೊಳ್ಳುತ್ತಾರೆ, ಫಾರಂ ಹಿಡಿದವರಿಗೆ ಹೇಳುವುದಿಲ್ಲ. ಇಂಥ ನಡವಳಿಕೆ ನಿಲ್ಲಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿತು. ನೋವಿನ ಹೊತ್ತಲ್ಲಿ ಗರ್ಭಿಣಿಯ ಜೊತೆ ಒಬ್ಬ ಹೆಂಗಸು ಇರಬಹುದೆಂದು 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆಯೂ ಒಪ್ಪಿತು. ಜೊತೆಗೆ ಅಮ್ಮ ನಿಂತಿದ್ದರೆ ನಾಲಿಗೆಗಳು ತಾವಾಗಿ ಹದಕ್ಕೆ ಬರುತ್ತವೆ ಎಂಬುದು ನನ್ನ ಅನಿಸಿಕೆ. ಆದರೆ ಮಂಚಗಳ ನಡುವೆ ಪರದೆಯೇ ಇಲ್ಲದ ಕಡೆ ಜೊತೆಗಾತಿಯನ್ನು ಒಳಗೆ ಬಿಡುವುದು ಹೇಗೆ? ಬಾಗಿಲು ಮುಚ್ಚುವುದಕ್ಕೆ ಅದೇ ನೆಪ. ಸಿಸ್ಟರುಗಳ ಕಷ್ಟವೂ ಇದೆ: ಒಂದೇ ರಾತ್ರಿ ನಾಲ್ಕಾರು ಹೆರಿಗೆ ಮಾಡಿಸುವವಳಿಗೆ ಸಮಾಧಾನ ಎಲ್ಲಿಂದ ಬರಬೇಕು?

ಕೇಳುವುದಾದರೆ ಡಿಸ್‌ಚಾರ್ಜ್ ದಿನ ಬೇಡ. ಆಶಾ ಕಾರ್ಯಕರ್ತೆ 42ನೇ ದಿನದವರೆಗೂ ಮನೆಗೆ ಬಂದು ಕೂಸನ್ನು ನೋಡುತ್ತಾಳೆ. ಆ ಭೇಟಿಗಳೆಲ್ಲ ಮುಗಿದ ಮೇಲೆ, ಆಸ್ಪತ್ರೆಗೆ ಸಂಬಂಧವಿಲ್ಲದ ಬೇರೊಬ್ಬರು ತವರುಮನೆಗೆ ಹೋಗಿ ಕೇಳಲಿ. ‘ತೃಪ್ತಿಯಾಯಿತೇ’ ಎಂದಲ್ಲ. ಹೊಟ್ಟೆ ಕೊಯ್ಯುವ ಮೊದಲು ಯಾಕೆಂದು ಹೇಳಿದರಾ? ಕೂಗಿದಾಗ ಯಾರು ಬಂದರು? ಎಷ್ಟು ದುಡ್ಡು ಕೊಟ್ಟಿರಿ, ಯಾರಿಗೆ? ಮುಂದಿನ ಹೆರಿಗೆಗೂ ಅಲ್ಲಿಗೇ ಹೋಗುತ್ತೀರಾ?