ಸಂದರ್ಶನದ ನಂತರದ ಮೌನ

ಕಲಬುರಗಿಯ ಶಹಾಬಜಾರದಿಂದ ಬೆಂಗಳೂರಿನ ಕಂಪನಿಗೆ ಅರ್ಜಿ ಹಾಕಿದ ಪದವೀಧರರಿಗೆ, ಸಂದರ್ಶನ ಮುಗಿದ ಮೇಲೂ ನೇಮಕಾತಿದಾರರಿಂದ, ಅಂದರೆ ಕಂಪನಿಗೆ ಅಭ್ಯರ್ಥಿಗಳನ್ನು ಹುಡುಕಿಕೊಡುವವರಿಂದ, ಉತ್ತರ ಬಾರದಿದ್ದರೆ ಅದು ನಿರಾಕರಣೆಗಿಂತ ಹೆಚ್ಚು ಬಾಧಿಸುತ್ತದೆ.

ಈ ಮೌನ ಯೋಗ್ಯತೆಯ ಮೇಲಿನ ತೀರ್ಪಲ್ಲ. ಹೊರಗಿನ ನೇಮಕಾತಿ ಏಜೆನ್ಸಿಗೆ ಸಾಮಾನ್ಯವಾಗಿ ಅಭ್ಯರ್ಥಿ ಕೆಲಸಕ್ಕೆ ಸೇರಿದ ನಂತರವೇ ಕಂಪನಿಯಿಂದ ಶುಲ್ಕ ಸಿಗುವುದರಿಂದ, ಆಯ್ಕೆಯಾಗದವರಿಗೆ ತಿಳಿಸುವ ಕೆಲಸ ಹಿಂದೆ ಬೀಳುತ್ತದೆ. ಹುದ್ದೆಯೇ ರದ್ದಾದರೆ ಆ ಸುದ್ದಿ ಎಷ್ಟೋ ಬಾರಿ ಏಜೆನ್ಸಿಗೂ ತಡವಾಗಿ ಮುಟ್ಟುತ್ತದೆ. ಹಾಗೆಂದು ಇದು ಸರಿಯಾದ ನಡತೆಯಲ್ಲ. ರಾತ್ರಿಯಿಡೀ ರೈಲಿನಲ್ಲಿ ಪ್ರಯಾಣಿಸಿ ಬಂದವರಿಗೆ ಒಂದು ಸಾಲಿನ ಉತ್ತರವಾದರೂ ಸಲ್ಲಬೇಕು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಸಂದರ್ಶನದ 45 ದಿನಗಳೊಳಗೆ ಅಭ್ಯರ್ಥಿಗೆ ಮಾಹಿತಿ ನೀಡಬೇಕೆಂಬ ನಿಯಮ 2026ರ ಜನವರಿ 1ರಿಂದ ಜಾರಿಯಲ್ಲಿದೆ.

ಇಲ್ಲಿನ ಅಭ್ಯರ್ಥಿಯು ಒಂದು ವಾರ ಕಾದು, ಹುದ್ದೆಯ ಹೆಸರು, ಅರ್ಜಿಯ ಸಂಖ್ಯೆ ಮತ್ತು ಸಂದರ್ಶನದ ದಿನಾಂಕವನ್ನು ನಮೂದಿಸಿ ಚಿಕ್ಕ ಇಮೇಲ್ ಕಳುಹಿಸುವುದು, ಅದಕ್ಕೂ ಉತ್ತರ ಬಾರದಿದ್ದರೆ ಕಂಪನಿಯ ಎಚ್‌ಆರ್ ವಿಭಾಗವನ್ನೇ ನೇರವಾಗಿ ಕೇಳುವುದು, ಈ ನಡುವೆ ಬೇರೆ ಅರ್ಜಿಗಳನ್ನು ನಿಲ್ಲಿಸದಿರುವುದು ಉಚಿತ.

ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಮೀಸಲಾತಿ ಇರುವ ಸರ್ಕಾರಿ ಹುದ್ದೆಗಳ ಮಾತು ಬೇರೆ: ಅಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಿದರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸುವುದು ಕಚೇರಿಯ ಹೊಣೆ.

ಮೌನ ಮುರಿಸಿಕೊಡುವುದಾಗಿ ಹಣ ಕೇಳುವ ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬಾರದು.