ಕದ್ರಿ ಗುಡ್ಡೆಯಲ್ಲಿ ನೀಲಿ ಪಟ್ಟಿಯ ಪದಕ

ಜುಲೈ 26 ಬರುವುದು ಆಟಿ ತಿಂಗಳಲ್ಲಿ. ಆ ದಿನ ಮಂಗಳೂರಿನಲ್ಲಿ ಮಳೆ ಬಾರದಿದ್ದರೇ ವಿಶೇಷ. ಕಾರ್ಗಿಲ್ ವಿಜಯ ದಿವಸಕ್ಕೆಂದು ಕದ್ರಿ ಗುಡ್ಡೆಯ ಯುದ್ಧ ಸ್ಮಾರಕಕ್ಕೆ ಬರುವವರು ಒಂದು ಕೈಯಲ್ಲಿ ಹೂವು, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದೇ ಬರುತ್ತಾರೆ. ಎನ್‌ಸಿಸಿ ಮಕ್ಕಳ ಬೂಟುಗಳಿಗೆ ಕೆಂಪು ಕೆಸರು ಮೆತ್ತಿಕೊಂಡಿರುತ್ತದೆ. ಸರ್ಕೀಟ್ ಹೌಸ್ ಕಡೆಯಿಂದ ಏರಿ ಬರುವ ಬಸ್ಸುಗಳು ತಿರುವಿನಲ್ಲಿ ಹಾರ್ನ್ ಹಾಕುತ್ತವೆ, ಜನ ಕಂಡು ಸ್ವಲ್ಪ ನಿಧಾನವಾಗುತ್ತವೆ. ಹಾಗೆ ಸೇರಿದವರ ನಡುವೆ ಮಾಜಿ ಸೈನಿಕರನ್ನು ಗುರುತಿಸುವುದು ಸುಲಭ. ಮೌನಾಚರಣೆಯ ಹೊತ್ತಿಗೆ ಕೊಡೆ ಮಡಚಿ ನೆನೆಯುತ್ತ ನಿಲ್ಲುವವರು ಅವರೇ.

ಕೋಟಿನ ಎಡಬದಿಯಲ್ಲಿ ಸಾಲಾಗಿ ಪದಕಗಳು. ಅವರು ನಡೆದಾಗ ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಎನ್ನುತ್ತವೆ. ಎದುರಿಗೆ ನಿಂತವರ ಕಣ್ಣು ಮೊದಲು ಹುಡುಕುವುದು ಶೌರ್ಯ ಪದಕವನ್ನು. ಅದಿಲ್ಲದಿದ್ದರೆ ಸಾಲಿನ ಮೇಲೆ ಒಮ್ಮೆ ಹಾಯ್ದು ಮುಂದೆ ಹೋಗುತ್ತದೆ. ನನಗೆ ಮಾತ್ರ ಆ ಸಾಲಿನ ನಡುವೆಲ್ಲೋ ತೂಗುವ, ತಿಳಿನೀಲಿ ಪಟ್ಟಿಯ ಮೇಲೆ ಬಿಳಿ ಗೆರೆಗಳಿರುವ ಒಂದರ ಬಗ್ಗೆ ಬರೆಯಬೇಕೆನಿಸಿದೆ. ಅದು ವಿದೇಶ ಸೇವಾ ಪದಕ. ಗುಂಡಿಗೆ ಎದೆಯೊಡ್ಡಿದ್ದಕ್ಕೆ ಕೊಡುವುದಲ್ಲ. ಸರ್ಕಾರ ಹೇಳಿದ ಕಡೆಗೆ, ದೇಶದ ಗಡಿ ದಾಟಿ ಹೋಗಿ, ಕೊಟ್ಟ ಕೆಲಸ ಮಾಡಿ ಬಂದದ್ದಕ್ಕೆ ಕೊಡುವುದು. ಪಟ್ಟಿಯ ಮೇಲೊಂದು ಕಿರಿದಾದ ಲೋಹದ ತುಂಡು, ಅದರಲ್ಲಿ ಹೋಗಿಬಂದ ದೇಶದ ಹೆಸರು. ಸೈನ್ಯದ ಭಾಷೆಯಲ್ಲಿ ಅದಕ್ಕೆ ಕ್ಲಾಸ್ಪ್ ಎನ್ನುತ್ತಾರೆ.

ಕೆಲವರ ಎದೆಯಲ್ಲಿ ಅದರ ಪಕ್ಕ ವಿಶ್ವಸಂಸ್ಥೆಯ ಪದಕವೂ ಇರುತ್ತದೆ. ಕಂಚಿನ ಬಿಲ್ಲೆ, ಮುಂದೆ ಆಲಿವ್ ಎಲೆಗಳ ನಡುವೆ ಭೂಪಟ, ಹಿಂದೆ ‘ಶಾಂತಿಯ ಸೇವೆಯಲ್ಲಿ’ ಎಂಬರ್ಥದ ಇಂಗ್ಲಿಷ್ ಅಕ್ಷರಗಳು. ಅದರ ಪಟ್ಟಿಯ ಬಣ್ಣ ಒಂದೊಂದು ಕಾರ್ಯಾಚರಣೆಗೂ ಬೇರೆ ಬೇರೆ. ನೀಲಿಯ ನಡುವೆ ಹಸಿರು, ಬಿಳಿ, ಕೆಂಪು ಗೆರೆ ಕಂಡರೆ ಅವರು ಲೆಬನಾನಿನಲ್ಲಿದ್ದವರು ಎಂದು ತಿಳಿದುಕೊಳ್ಳಬಹುದು.

ಹಾಗೆ ತಿಳಿದೇ ಒಬ್ಬ ನಿವೃತ್ತ ಹವಾಲ್ದಾರರ ಹತ್ತಿರ ಹೋಗಿ ಮಾತಿಗೆ ಕುಳಿತೆ. ಕಾರ್ಯಕ್ರಮ ಮುಗಿದಿತ್ತು, ಕೈಗೆ ಚಾ ಬಂದಿತ್ತು. ಜೊತೆಗಿದ್ದ ಎನ್‌ಸಿಸಿ ಹುಡುಗಿ ನನಗಿಂತ ಮೊದಲೇ ಕೇಳಿಬಿಟ್ಟಳು, “ಅಲ್ಲಿ ಯುದ್ಧ ಮಾಡಿದ್ದೀರಾ ಸರ್?”

“ಇಲ್ಲ ಮಗಾ. ಅಲ್ಲಿ ನಾವು ಹೆಚ್ಚು ನೋಡಿದ್ದು ಆಡುಗಳನ್ನು” ಎಂದರು ಅವರು.

ಅದು ತಮಾಷೆಯ ಮಾತಲ್ಲ. ದಕ್ಷಿಣ ಲೆಬನಾನಿನಲ್ಲಿ ಭಾರತದ ಪಡೆ 1998ರಿಂದ ಇದೆ. ಅದರ ಬಿಡಾರ ಎಬೆಲ್ ಎಸ್ ಸಾಕಿ ಎಂಬ ಊರಿನ ಬಳಿ. ತಲೆಯೆತ್ತಿದರೆ ಚಳಿಗಾಲದಲ್ಲಿ ಹಿಮ ಹೊದ್ದ ಹೆರ್ಮನ್ ಪರ್ವತ. ಆ ಭಾಗದ ಜನ ಭಾರತೀಯರನ್ನು ನೆನಪಿಟ್ಟುಕೊಳ್ಳಲು ಒಂದು ಕಾರಣ ಪಡೆಯ ಪಶುವೈದ್ಯರು. ಕುರಿ, ಆಡು, ದನಗಳಿಗೆ ಕಾಯಿಲೆಯೆಂದರೆ ರೈತರು ಅವರನ್ನು ಹುಡುಕಿಕೊಂಡು ಬರುತ್ತಾರೆ. ಗಡಿಯುದ್ದಕ್ಕೂ ಗಸ್ತು, ಕಾವಲು ಗೋಪುರದಲ್ಲಿ ದುರ್ಬೀನು ಹಿಡಿದ ಗಂಟೆಗಳು, ನಡುವೆ ಹೀಗೊಂದು ಆಡಿನ ಶುಶ್ರೂಷೆ. ಕುರಿಗಾಹಿಯ ಜೊತೆ ನಂಟು ಬೆಳೆದ ಕಡೆ ಕಾವಲೂ ಹಗುರವಾಗುತ್ತದೆ. ಇದಿಷ್ಟೂ ಆ ಪಟ್ಟಿಯ ನಾಲ್ಕು ಬಣ್ಣಗಳಲ್ಲಿ ಅಡಗಿದೆ. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಇಲ್ಲ.

ಅದೇ ಲೆಬನಾನಿನಲ್ಲಿ ಫ್ರೆಂಚ್ ಸೈನಿಕರೂ ಇದ್ದಾರೆ. 1978ರಲ್ಲಿ ವಿಶ್ವಸಂಸ್ಥೆಯ ಪಡೆ ಮೊದಲು ಅಲ್ಲಿಗೆ ಹೋದಾಗಿನಿಂದ ಅವರಿಗೆ ಆ ನೆಲದ ಪರಿಚಯ. ಊರಿಗೆ ಮರಳಿದ ಮೇಲೆ ಅವರ ಎದೆಗೂ ಒಂದು ನೀಲಿ ಬಿಳಿ ಪಟ್ಟಿಯ ಪದಕ ಬರುತ್ತದೆ. ಹೆಸರು ‘ಮೆದಾಯ್ ದೂತ್ರ್‌ಮೇರ್’, ಸಾಗರದಾಚೆಯ ಸೇವೆಗೆ ಫ್ರಾನ್ಸ್ ಕೊಡುವ ಪದಕ. ಅದರ ಕ್ಲಾಸ್ಪಿನ ಮೇಲೆ ‘ಲಿಬಾನ್’ ಎಂದಿರುತ್ತದೆ. ಬೆಳ್ಳಿಯ ಬಿಲ್ಲೆಯಲ್ಲಿ ಶಿರಸ್ತ್ರಾಣ ತೊಟ್ಟ ಗಣರಾಜ್ಯದೇವಿಯ ಮುಖವನ್ನು ಕೆತ್ತಿದವನು ಜಾರ್ಜ್ ಲೆಮೇರ್. ಹಿಂಬದಿಯಲ್ಲಿ ಆಯುಧಗಳ ಮೇಲೆ ಕೂರಿಸಿದ ಭೂಗೋಳ. ಅದನ್ನು ಸ್ಥಾಪಿಸಿದ ಕಾನೂನಿನ ತಾರೀಕು 1893ರ ಜುಲೈ 26. ಕದ್ರಿಯಲ್ಲಿ ನಾವು ನಿಲ್ಲುವ ದಿನವೇ.

ತಾರೀಕು ಒಂದೇ ಆದರೂ ಎರಡು ಪದಕಗಳ ಹುಟ್ಟು ಒಂದೇ ಅಲ್ಲ. ಆಗ ಫ್ರೆಂಚ್ ಪದಕದ ಹೆಸರು ವಸಾಹತು ಪದಕ. ಟೊಂಕಿನ್, ಮಡಗಾಸ್ಕರ್, ಸಹಾರಾ ಎಂದು ಕ್ಲಾಸ್ಪಿನಲ್ಲಿ ಕೆತ್ತಿದ ಹೆಸರುಗಳು ಫ್ರಾನ್ಸ್ ಗೆದ್ದು ಆಳಿದ ಊರುಗಳವು. ಆಲ್ಜೀರಿಯಾ ಕೈಬಿಟ್ಟ ವರ್ಷ, 1962ರಲ್ಲಿ, ಹೆಸರು ಬದಲಾಯಿತು. ಬಿಲ್ಲೆಯ ವಿನ್ಯಾಸವೂ ಪಟ್ಟಿಯೂ ಬಹುತೇಕ ಹಾಗೆಯೇ ಉಳಿದವು. ನಮ್ಮ ವಿದೇಶ ಸೇವಾ ಪದಕ ಬಂದದ್ದು ಅದಕ್ಕೆ ಎರಡು ವರ್ಷ ಮೊದಲು, 1960ರಲ್ಲಿ. ಯಾರನ್ನೂ ಆಳುವ ಹಂಬಲವಿಲ್ಲದ ಹೊಸ ದೇಶವೊಂದು ಕೊರಿಯಾಕ್ಕೆ, ಗಾಜಾಕ್ಕೆ, ಕಾಂಗೋಕ್ಕೆ ತನ್ನ ಮಕ್ಕಳನ್ನು ಕಳಿಸುತ್ತಿದ್ದ ಕಾಲ ಅದು. ಈ ವ್ಯತ್ಯಾಸ ನನಗೆ ಹೆಮ್ಮೆಯದು, ಅದನ್ನು ಮುಚ್ಚಿಡುವುದಿಲ್ಲ.

ಮಂಗಳೂರಿಗೇ ಫ್ರೆಂಚ್ ಸೈನಿಕರು ಬಂದದ್ದುಂಟು. 1783ರಲ್ಲಿ ಟಿಪ್ಪು ಇಲ್ಲಿನ ಕೋಟೆಯನ್ನು ಮುತ್ತಿದಾಗ ಕೊಸಿನ್ಯಿ ಎಂಬ ದಳಪತಿಯ ಕೆಳಗೆ ಅವರ ತುಕಡಿಯೊಂದು ಜೊತೆಗಿತ್ತು. ಯುರೋಪಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಒಪ್ಪಂದವಾಯಿತೆಂಬ ಸುದ್ದಿ ಬಂದದ್ದೇ ಅವರು ಹಿಂದೆ ಸರಿದರು. ಕೋಟೆಯೊಳಗಿದ್ದ ಕರ್ನಲ್ ಕ್ಯಾಂಪ್‌ಬೆಲ್ಲನ ಪಡೆ ಮುಂದಿನ ಜನವರಿಯವರೆಗೂ ಹಸಿದುಕೊಂಡು ಕೂತು ಕೊನೆಗೆ ಶರಣಾಯಿತು. ಅವನ ಸ್ಕಾಟಿಷ್ ರೆಜಿಮೆಂಟಿಗೆ ನೂರು ವರ್ಷದ ಮೇಲೆ ‘ಮಂಗಳೂರು’ ಎಂಬ ಯುದ್ಧಗೌರವ ಸಿಕ್ಕಿತು. ಹೀಗೆ ನಮ್ಮ ಊರು ಇನ್ನೊಬ್ಬರ ‘ಸಾಗರದಾಚೆ’ ಆಗಿತ್ತು.

ಈಗ ಸಾಗರದಾಚೆ ಹೋಗಿ ಬರುವುದು ಇಲ್ಲಿನ ಮನೆಮನೆಯ ಸಂಗತಿ. ದುಬೈ, ಮಸ್ಕತ್, ಕುವೈತ್, ಇಲ್ಲವೇ ಹಡಗು. ವಿಮಾನ ಬಜ್ಪೆಯಲ್ಲಿ ಇಳಿದರೆ ಮನೆಗೆ ಪೆಟ್ಟಿಗೆ ಬರುತ್ತದೆ, ಪೆಟ್ಟಿಗೆಯ ಜೊತೆ ಊರಿನವರ ವಿಚಾರಣೆ ಬರುತ್ತದೆ. ಸೈನ್ಯದಲ್ಲಿದ್ದು ಹೋಗಿಬಂದವನನ್ನು ಮಾತ್ರ ಅಷ್ಟಾಗಿ ಯಾರೂ ವಿಚಾರಿಸಿದ್ದಿಲ್ಲ. ಭಾರತದ ಶಾಂತಿಪಾಲನಾ ಪಡೆಯಾಗಿ ಹೋಗಿ ಶ್ರೀಲಂಕಾದ ಕಾಡಿನಿಂದ 1990ರಲ್ಲಿ ಮರಳಿದವರಿಗೆ ಇದು ಇನ್ನೂ ನಿಜ. ಸಾವಿರಕ್ಕೂ ಹೆಚ್ಚು ಜೊತೆಗಾರರನ್ನು ಅಲ್ಲಿ ಕಳೆದುಕೊಂಡು ಬಂದ ಪಡೆ ಅದು. ಸ್ವಾಗತಕ್ಕಿಂತ ಹೆಚ್ಚಾಗಿ ಅದಕ್ಕೆ ಸಿಕ್ಕಿದ್ದು ಮೌನ.

ಘಟ್ಟದ ಮೇಲಿನ ಮಡಿಕೇರಿಯವರು ಒಬ್ಬರ ಮಟ್ಟಿಗಾದರೂ, ಹಾಗೆ ಹೋದವರನ್ನು ನೆನೆಯುವ ಋಣ ತೀರಿಸಿದ್ದಾರೆ. ಜನರಲ್ ಕೊಡಂದೇರ ತಿಮ್ಮಯ್ಯ 1953ರಲ್ಲಿ ಕೊರಿಯಾಕ್ಕೆ ಹೋದಾಗ, ತಮ್ಮ ದೇಶಕ್ಕೆ ಮರಳಲೊಲ್ಲದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಅವರು ಅಧ್ಯಕ್ಷರಾಗಿದ್ದ ಆಯೋಗದ ಮೇಲಿತ್ತು. ನಿವೃತ್ತಿಯ ಮೇಲೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿ, 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಅವರು ಹುಟ್ಟಿದ ‘ಸನ್ನಿ ಸೈಡ್’ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು.

ಜನರಲ್‌ಗೆ ಮನೆಯೊಂದು ಉಳಿಯಿತು. ಅವರ ಹಿಂದೆ ಹೋದ ಸಿಪಾಯಿಗಳು, ಅಡುಗೆಯವರು, ಚಾಲಕರು, ಆಸ್ಪತ್ರೆಯ ಸಹಾಯಕರು ಯಾರು, ಯಾವ ಊರಿನವರು? ಇದನ್ನು ಹವಾಲ್ದಾರರ ಹತ್ತಿರ ಎತ್ತಿದಾಗ ಅವರು ಚಾ ಲೋಟ ಕೆಳಗಿಟ್ಟು, ಕೋಟಿನಿಂದ ವಿದೇಶ ಸೇವಾ ಪದಕವನ್ನು ಮೆಲ್ಲಗೆ ಎತ್ತಿ ಅಂಚು ತೋರಿಸಿದರು. ಬಿಲ್ಲೆಯ ದಪ್ಪದಲ್ಲಿ, ಉಗುರಿನಷ್ಟೂ ಅಗಲವಿಲ್ಲದ ಜಾಗದಲ್ಲಿ, ಅವರ ಸಂಖ್ಯೆ, ಹುದ್ದೆ, ಹೆಸರು, ದಳ. ಅಕ್ಷರಗಳು ಸವೆದಿದ್ದವು, ಬೆಳಕಿಗೆ ಓರೆ ಹಿಡಿದರೆ ಓದಬಹುದಿತ್ತು. ವಿಶ್ವಸಂಸ್ಥೆಯ ಪದಕದ ಅಂಚು ನುಣುಪು, ಅದರಲ್ಲಿ ಯಾರ ಹೆಸರೂ ಇಲ್ಲ.

ಕೊರಿಯಾಕ್ಕೆ ಹೋಗಿದ್ದವರು ಬದುಕಿದ್ದರೆ ಈಗ ತೊಂಬತ್ತು ದಾಟಿರಬೇಕು, ಕಾಂಗೋದವರು ಎಂಬತ್ತರ ಮೇಲೆ. ಅವರ ಪದಕಗಳು ಬಂಟ್ವಾಳ, ಪುತ್ತೂರು, ಸುಳ್ಯ, ಕಾಸರಗೋಡಿನ ಮನೆಗಳಲ್ಲಿ ಎಲ್ಲೋ ಕಪಾಟಿನೊಳಗೆ ಕೂತಿವೆ. ಕದ್ರಿಗೆ ಬರುವ ಎನ್‌ಸಿಸಿ ಮಕ್ಕಳಿಗೆ ಮಳೆಗಾಲ ಕಳೆದ ಮೇಲೆ ಇದೊಂದು ಕೆಲಸ ಕೊಡಬಹುದು. ಒಂದು ನೋಟ್‌ಬುಕ್, ಒಂದು ಭೂತಗನ್ನಡಿ ಹಿಡಿದು ಮನೆಗಳಿಗೆ ಹೋಗುವುದು, ಪದಕದ ಅಂಚಿನಲ್ಲಿರುವುದನ್ನೂ ಕ್ಲಾಸ್ಪಿನಲ್ಲಿರುವುದನ್ನೂ ಬರೆದುಕೊಳ್ಳುವುದು. ಹವಾಲ್ದಾರರು ಆ ಹುಡುಗಿಗೆ ಪುತ್ತೂರು ಕಡೆಯ ಎರಡು ಮನೆಗಳ ದಾರಿ ಆಗಲೇ ಹೇಳುತ್ತಿದ್ದರು.